ಹಾಲು ಕಮ್ಮಿಯಾ, ನಿದ್ದೆ ಜಾಸ್ತಿಯಾ?

ಪ್ರಶ್ನೆ: ನಾನು ರಾಜಾಜಿನಗರದ ತವರುಮನೆಯಲ್ಲಿ ಬಾಣಂತನದಲ್ಲಿದ್ದೇನೆ. ಮೊದಲ ಹೆರಿಗೆ, ಸಿಸೇರಿಯನ್. 37 ವಾರಕ್ಕೆ ಆಯಿತು. ಮಗಳಿಗೆ ಇವತ್ತಿಗೆ 10 ದಿನ. ಹುಟ್ಟಿದಾಗ 2.75 ಕೆ.ಜಿ. ಇದ್ದಳು. 4ನೇ ದಿನ ಡಿಸ್ಚಾರ್ಜ್ ಆಗುವಾಗ 2.54. ನಿನ್ನೆ ಕ್ಲಿನಿಕ್‌ನಲ್ಲಿ ತೂಕ ಹಾಕಿಸಿದರೆ 2.56. ಸ್ವಲ್ಪ ಕಾಮಾಲೆ ಇದೆ, ಲೈಟಿನಡಿ ಇಡುವಷ್ಟಿಲ್ಲ ಅಂದಿದ್ದರು. ಯಾವಾಗಲೂ ನಿದ್ದೆ. ಎದೆಗೆ ಹಾಕಿಕೊಂಡರೆ ಎರಡು ನಿಮಿಷ ಚೀಪಿ ಮಲಗಿಬಿಡುತ್ತಾಳೆ, ಮತ್ತೆ ನಾಲ್ಕು ಗಂಟೆ ಏಳುವುದಿಲ್ಲ. ಪಂಪ್ ಹಾಕಿದರೆ ಎರಡೂ ಕಡೆ ಸೇರಿ 20 ಎಂ.ಎಲ್. ಬಂದರೆ ಹೆಚ್ಚು. ಅಮ್ಮ ‘ಮಲಗಿದ ಮಗೂನ ಎಬ್ಬಿಸಬಾರದು’ ಅಂತಾರೆ. ಅತ್ತೆ ಫೋನ್ ಮಾಡಿದಾಗೆಲ್ಲ ‘ಹಾಲು ಸಾಲ್ತಿಲ್ಲ, ಪೌಡರ್ ಶುರು ಮಾಡಿ’ ಅಂತಾರೆ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯ ಎಲ್ಲ ತಿನ್ನುತ್ತಿದ್ದೇನೆ. ಹಾಲು ಜಾಸ್ತಿ ಆಗೋಕೆ ಇನ್ನೇನು ತಿನ್ನಬೇಕು? ಈ ಭಾನುವಾರ ನಾಮಕರಣ ಬೇರೆ ಇದೆ.

ಉತ್ತರ: ತಿನ್ನುವ ವಿಷಯ ಆಮೇಲೆ ಮಾತಾಡೋಣ. ನಿಮ್ಮ ತಟ್ಟೆಯಲ್ಲಿ ಏನೂ ಕೊರತೆ ಇರುವ ಹಾಗೆ ಕಾಣುವುದಿಲ್ಲ. ನನ್ನ ಕಣ್ಣಿಗೆ ಬಿದ್ದಿದ್ದು ಬೇರೆ ಎರಡು ಸಂಗತಿ. ಒಂದು ಆ ನಾಲ್ಕು ಗಂಟೆಯ ನಿದ್ದೆ, ಇನ್ನೊಂದು ತೂಕ.

ತೂಕದಿಂದಲೇ ಶುರು ಮಾಡುತ್ತೇನೆ, ಯಾಕಂದರೆ ಅದು ಕಾಯುವ ವಿಷಯ ಅಲ್ಲ. ಹುಟ್ಟಿದ ಮೂರು ನಾಲ್ಕು ದಿನದಲ್ಲಿ ಎಲ್ಲ ಮಕ್ಕಳ ತೂಕವೂ ಸ್ವಲ್ಪ ಇಳಿಯುತ್ತದೆ. ನೂರಕ್ಕೆ ಏಳರಷ್ಟು ಇಳಿದರೆ ಯಾರೂ ಗಾಬರಿ ಆಗುವುದಿಲ್ಲ. ಹತ್ತು ದಾಟಿದರೆ ಡಾಕ್ಟರ್ ತಕ್ಷಣ ನೋಡಲೇಬೇಕು. ನಿಮ್ಮ ಮಗಳದ್ದು ಏಳೂವರೆಯಷ್ಟು ಇಳಿದಿತ್ತು. ಸಿಸೇರಿಯನ್ ಆದಾಗ ತಾಯಿಗೆ ಡ್ರಿಪ್ ಹಾಕಿರುತ್ತಾರೆ, ಹಾಲು ಇಳಿಯುವುದೂ ಅರ್ಧ ದಿನ, ಒಂದು ದಿನ ತಡವಾಗುತ್ತದೆ. ಹಾಗಾಗಿ ಅಲ್ಲಿಯ ತನಕ ಸರಿಯೇ ಇತ್ತು ಅನ್ನಬಹುದು. ಆದರೆ ಅದಾದ ಐದು ದಿನದಲ್ಲಿ ಏರಿದ್ದು ಬರೀ 20 ಗ್ರಾಂ. ಹಾಲು ಇಳಿದ ಮೇಲೆ ಮಗು ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ಐದು ದಿನದಲ್ಲಿ ಆಗಬೇಕಿದ್ದದ್ದು ಇಲ್ಲಿ ಒಂದು ದಿನದಷ್ಟೇ ಆಗಿದೆ. 10ರಿಂದ 14 ದಿನದೊಳಗೆ ಮಗು ಹುಟ್ಟಿದ ತೂಕಕ್ಕೆ ವಾಪಸ್ ಬರಬೇಕು ಅನ್ನುವುದು ನಾವು ಇಟ್ಟುಕೊಳ್ಳುವ ಲೆಕ್ಕ. ಈಗಿನ ಗತಿಯಲ್ಲಿ ಅದು ಆಗುವುದಿಲ್ಲ.

ಅದಕ್ಕೇ ನಾಳೆಯೇ ಮಕ್ಕಳ ಡಾಕ್ಟರ್ ಹತ್ತಿರ ಹೋಗಿ. ‘ತೂಕ ಏರುತ್ತಿಲ್ಲ, ತಾನಾಗಿ ಏಳುತ್ತಿಲ್ಲ, ಕಾಮಾಲೆ ಇದೆ’ ಅಂತ ಮೂರನ್ನೂ ಒಟ್ಟಿಗೆ ಹೇಳಿ. ಬಿಡಿ ಬಿಡಿಯಾಗಿ ಹೇಳಿದರೆ ಒಂದೊಂದೂ ಸಣ್ಣ ವಿಷಯದ ಹಾಗೆ ಕೇಳಿಸುತ್ತದೆ. ಬಟ್ಟೆ, ಡೈಪರ್ ಎಲ್ಲ ತೆಗೆದು, ನಿನ್ನೆಯ ಯಂತ್ರದಲ್ಲೇ ತೂಕ ಹಾಕಿಸಿ. ಒಂದು ಯಂತ್ರಕ್ಕೂ ಇನ್ನೊಂದಕ್ಕೂ 50 ಗ್ರಾಂ ವ್ಯತ್ಯಾಸ ಇದ್ದರೆ ನಮ್ಮ ಲೆಕ್ಕವೆಲ್ಲ ಹಾಳು. ಕಾಮಾಲೆಯನ್ನು ಇನ್ನೊಮ್ಮೆ ಅಳೆಯಬೇಕಾ ಅಂತಲೂ ಕೇಳಿ. ನೀವು ನುಂಗುತ್ತಿರುವ ಮಾತ್ರೆಗಳ ಚೀಟಿ ಜೊತೆಗಿರಲಿ. ಹೊಲಿಗೆ ನೋವಿಗೆ ಕೊಡುವ ಕೆಲವು ಮಾತ್ರೆಗಳು, ಟ್ರಮಡಾಲ್ ಥರದವು, ಹಾಲಿನಲ್ಲಿ ಸೇರಿ ಮಗುವನ್ನೂ ಮಂಕು ಮಾಡಬಲ್ಲವು. ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ಗೆ ಆ ತೊಂದರೆ ಇಲ್ಲ.

ಈಗ ನಿದ್ದೆಯ ವಿಷಯ. 37 ವಾರಕ್ಕೆ ಹುಟ್ಟಿದ ಮಗು ಕಾಗದದ ಮೇಲೆ ತಿಂಗಳು ತುಂಬಿದ ಮಗುವೇ. ನೋಡೋಕೂ ಹಾಗೇ ಇರುತ್ತದೆ. ಹಾಲು ಕುಡಿಯುವುದರಲ್ಲಿ ಮಾತ್ರ ಇನ್ನೂ ಎರಡು ಮೂರು ವಾರ ಹೊಟ್ಟೆಯಲ್ಲೇ ಇದ್ದರೆ ಚೆನ್ನಾಗಿತ್ತು ಅನ್ನುವ ಹಾಗೆ ನಡೆದುಕೊಳ್ಳುತ್ತದೆ. ಚೀಪುವ ಶಕ್ತಿ ಕಡಿಮೆ, ಸುಸ್ತು ಬೇಗ. ಅದರ ಮೇಲೆ ಕಾಮಾಲೆ. ಕಾಮಾಲೆ ತರುವ ಬಿಲಿರುಬಿನ್ ಮಗುವಿನ ದೇಹದಿಂದ ಹೊರಗೆ ಹೋಗುವುದು ಮುಖ್ಯವಾಗಿ ಕಕ್ಕದಲ್ಲಿ. ಹಾಲು ಕಮ್ಮಿ ಕುಡಿದರೆ ಕಕ್ಕ ಕಮ್ಮಿ. ಕಕ್ಕ ಕಮ್ಮಿಯಾದರೆ ಆ ಹಳದಿ ಮತ್ತೆ ರಕ್ತಕ್ಕೇ ಸೇರುತ್ತದೆ. ಕಾಮಾಲೆ ಜಾಸ್ತಿಯಾದಷ್ಟೂ ಮಗು ಇನ್ನೂ ಮಂಕಾಗುತ್ತದೆ, ಇನ್ನೂ ಕಮ್ಮಿ ಕುಡಿಯುತ್ತದೆ. ಬಾಲ್ಕನಿಯ ಎಳೆ ಬಿಸಿಲಿಗೆ ಹಿಡಿದರೆ ಇದು ಹೋಗುತ್ತದೆ ಅಂತ ನಂಬಿ ಕೂರಬೇಡಿ. ಹೊಟ್ಟೆಗೆ ಹಾಲು ಹೋಗಬೇಕು. ಬೇಕಾದರೆ ಆಸ್ಪತ್ರೆಯ ಲೈಟು ಇದೆ.

ಹಾಗಾದರೆ ನಿಮಗೆ ಹಾಲು ಕಮ್ಮಿಯಾ? ಇವತ್ತಿಗೆ ಕಮ್ಮಿ ಇದ್ದರೂ ಇರಬಹುದು. ಆದರೆ ಕಾರಣ ನಿಮ್ಮ ಊಟ ಅಲ್ಲ. ದರ್ಶಿನಿಯವರು ಇವತ್ತು ಎಷ್ಟು ಇಡ್ಲಿ ಖರ್ಚಾಯಿತು ಅಂತ ನೋಡಿ ನಾಳೆಗೆ ಹಿಟ್ಟು ರುಬ್ಬುತ್ತಾರಲ್ಲ, ಎದೆಯ ಲೆಕ್ಕವೂ ಅದೇ. ಎದೆಯಲ್ಲಿ ಹಾಲು ನಿಂತರೆ ‘ಸಾಕು, ನಿಲ್ಲಿಸು’ ಅಂತ ಸೂಚನೆ ಕೊಡುವ ಅಂಶ ಆ ಹಾಲಿನಲ್ಲೇ ಇದೆ. ಖಾಲಿಯಾದರೆ ಆ ಸೂಚನೆಯೂ ಹೋಗಿ ಹಾಲು ತಯಾರಾಗುವ ವೇಗ ಏರುತ್ತದೆ. ಮೊದಲ ಎರಡು ಮೂರು ವಾರ ಈ ಲೆಕ್ಕ ಕುದುರುವ ಕಾಲ. ನಿಮ್ಮ ಮಗಳು ನಾಲ್ಕು ಗಂಟೆ ಮಲಗಿ, ಎರಡು ನಿಮಿಷ ಚೀಪಿದರೆ ‘ಇಷ್ಟೇ ಸಾಕು’ ಅಂತ ನಿಮ್ಮ ದೇಹ ಅಂದುಕೊಳ್ಳುತ್ತದೆ. ಅತ್ತೆಯವರು ಹೇಳಿದ್ದು ಪೂರ್ತಿ ತಪ್ಪಲ್ಲ, ಹಾಲು ಸಾಲುತ್ತಿಲ್ಲ. ಆದರೆ ಸಾಲದ ಹಾಲನ್ನು ಜಾಸ್ತಿ ಮಾಡುವುದು ನಿಮ್ಮ ಬಾಯಿಗೆ ಹೋಗುವ ಮೆಂತ್ಯ ಅಲ್ಲ, ಎದೆಯಿಂದ ಹೊರಗೆ ಹೋಗುವ ಹಾಲು.

ಅಮ್ಮನ ಮಾತೂ ಸುಳ್ಳಲ್ಲ. ಐದು ಕೆ.ಜಿ. ತೂಗುವ ಮೂರು ತಿಂಗಳ ಕೂಸಿಗೆ ಅದು ಸರಿ. ಹುಟ್ಟಿದ ತೂಕಕ್ಕೆ ಇನ್ನೂ ಬಾರದ ಮಗುವನ್ನು ಮಾತ್ರ ಎಬ್ಬಿಸಿಯೇ ಕುಡಿಸಬೇಕು. ಹಗಲು ಎರಡು, ಎರಡೂವರೆ ಗಂಟೆಗೊಮ್ಮೆ, ರಾತ್ರಿ ಮೂರು ಗಂಟೆ ಮೀರದ ಹಾಗೆ. ಒಂದು ಸಲ ಕುಡಿಸಲು ಶುರು ಮಾಡಿದ ಹೊತ್ತಿನಿಂದ ಮುಂದಿನದು ಶುರು ಮಾಡುವ ಹೊತ್ತಿಗೆ ಲೆಕ್ಕ. 24 ಗಂಟೆಯಲ್ಲಿ ಕಮ್ಮಿ ಅಂದರೂ 8 ಸಲ, 10 ಅಥವಾ 12 ಆದರೆ ಇನ್ನೂ ಒಳ್ಳೆಯದು. ಮೊಬೈಲ್‌ನಲ್ಲಿ ಅಲಾರಾಂ ಇಡಿ. ರಾತ್ರಿಯದನ್ನು ತಪ್ಪಿಸಲೇಬೇಡಿ. ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿಯೇ ಹೆಚ್ಚಿರುತ್ತದೆ.

ನಮ್ಮ ಬಾಣಂತನದ ಮನೆಗಳಲ್ಲಿ ನಾನು ಮೊದಲು ಕೇಳುವುದು ಸ್ನಾನ ಎಷ್ಟು ಹೊತ್ತಿಗೆ ಅಂತ. ಬೆಳಗ್ಗೆ ಒಂಬತ್ತಕ್ಕೆ ಎರೆಯುವ ಅಜ್ಜಿ ಬರುತ್ತಾರೆ. ಮಗುವಿಗೆ ಎಣ್ಣೆ ತಿಕ್ಕಿ, ಕಾಲ ಮೇಲೆ ಮಲಗಿಸಿಕೊಂಡು ಬಿಸಿ ಬಿಸಿ ನೀರು ಹೊಯ್ಯುತ್ತಾರೆ. ಅತ್ತು ಅತ್ತು ಸುಸ್ತಾದ ಮಗುವಿಗೆ ಸಾಂಬ್ರಾಣಿ ಹೊಗೆ, ಮೇಲೆ ಕುಲಾವಿ, ಸ್ವೆಟರ್, ಕಾಲಿಗೆ ಸಾಕ್ಸ್, ಬಿಗಿಯಾಗಿ ಸುತ್ತಿದ ಪಂಚೆ. ಮಗು ಮಲಗಿತು ಅಂದರೆ ಮಧ್ಯಾಹ್ನ ಒಂದಕ್ಕೂ ಏಳುವುದಿಲ್ಲ. ಅಷ್ಟರಲ್ಲಿ ತಾಯಿಗೂ ಹಂಡೆ ನೀರು ಹೊಯ್ದು, ಹೊಟ್ಟೆಗೆ ಬಟ್ಟೆ ಕಟ್ಟಿ, ಹೊದಿಸಿ ಮಲಗಿಸಿರುತ್ತಾರೆ. ಒಂಬತ್ತರಿಂದ ಒಂದರ ತನಕ ಎದೆ ಮುಟ್ಟಿದವರೇ ಇಲ್ಲ. ಎಲ್ಲರಿಗೂ ಖುಷಿ, ‘ಎಷ್ಟು ಚೆನ್ನಾಗಿ ನಿದ್ದೆ ಮಾಡ್ತು ನೋಡಿ’ ಅಂತ. ದಿನದ ಎರಡು ಹೊತ್ತಿನ ಹಾಲು ಅಲ್ಲಿ ಹೋಯಿತು.

ನಿಮ್ಮ ಮನೆಯಲ್ಲೂ ಹೀಗೇ ಇದ್ದರೆ ಮಗು ಹುಟ್ಟಿದ ತೂಕಕ್ಕೆ ಬರುವ ತನಕ ಈ ದೊಡ್ಡ ಸ್ನಾನ ನಿಲ್ಲಿಸಿ. ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯಲ್ಲಿ ಒರೆಸಿದರೆ ಸಾಕು. ಅಜ್ಜಿಗೆ ಬೇಜಾರಾಗದ ಹಾಗೆ ಹೇಳಬೇಕಾದರೆ ‘ಡಾಕ್ಟರ್ ಬೇಡ ಅಂದರು’ ಅನ್ನಿ, ಆ ಮಾತು ಎಲ್ಲ ಮನೆಯಲ್ಲೂ ನಡೆಯುತ್ತದೆ. ಹೊಗೆಯಂತೂ ಎಳೆ ಶ್ವಾಸಕೋಶಕ್ಕೆ ಯಾವತ್ತೂ ಬೇಡ. ಇನ್ನೊಂದು ಮಾತು ನೇರವಾಗಿ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಬಜೆ, ಜಾಯಿಕಾಯಿ ತೇದು ನೆಕ್ಕಿಸುತ್ತಿದ್ದಾರಾ? ಜಾಯಿಕಾಯಿ ಕೊಡುವುದೇ ಮಗು ಚೆನ್ನಾಗಿ ಮಲಗಲಿ ಅಂತ. ಮೊದಲೇ ಏಳದ ಮಗುವಿಗೆ ಅದು ಅಪಾಯ. ಗ್ರೈಪ್ ವಾಟರ್, ಸಕ್ಕರೆ ನೀರು ಯಾವುದೂ ಬೇಡ. ಅಂಗೈಯಷ್ಟೂ ಇಲ್ಲದ ಹೊಟ್ಟೆಯಲ್ಲಿ ಹಾಲಿನ ಜಾಗವನ್ನು ಅವು ತಿನ್ನುತ್ತವೆ, ಅಷ್ಟೇ.

ಎಬ್ಬಿಸುವುದು ಹೇಗೆ? ಗಾಢ ನಿದ್ದೆಯಲ್ಲಿರುವ ಮಗುವಿನ ಕೈ ಎತ್ತಿ ಬಿಟ್ಟರೆ ದೊಪ್ಪನೆ ಬೀಳುತ್ತದೆ. ಆಗ ಎಬ್ಬಿಸಲು ಹೋದರೆ ಇಬ್ಬರಿಗೂ ಸುಸ್ತು. ಒಂದು ಹದಿನೈದು ಇಪ್ಪತ್ತು ನಿಮಿಷ ಕಾದು ನೋಡಿ. ರೆಪ್ಪೆಯ ಕೆಳಗೆ ಕಣ್ಣು ಓಡಾಡುತ್ತದೆ, ತುಟಿ ಅಲ್ಲಾಡುತ್ತದೆ, ಕೈ ಬಾಯಿಯ ಹತ್ತಿರ ಬರುತ್ತದೆ. ಅದೇ ಸಮಯ. ಅಳುವ ತನಕ ಕಾಯಬೇಡಿ, ಇಂಥ ಮಕ್ಕಳು ಹಸಿವಾದರೂ ಅಳುವುದಿಲ್ಲ. ಜೋಲಿಯಲ್ಲಿ ಹಾಕಿ ತೂಗುತ್ತಿದ್ದರಂತೂ ಈ ಗುರುತು ಯಾವುದೂ ಕಾಣಿಸುವುದಿಲ್ಲ. ಸದ್ಯಕ್ಕೆ ನಿಮ್ಮ ಪಕ್ಕದ ತೊಟ್ಟಿಲಲ್ಲಿ, ಕಣ್ಣಿಗೆ ಕಾಣುವ ಹಾಗೆ ಮಲಗಿಸಿ. ಆದರೆ ನಾನು ಹೇಳಿದ ಗಂಟೆ ಮೀರಿದರೆ ಗುರುತು ಕಾಣದಿದ್ದರೂ ಎಬ್ಬಿಸಿ.

ಮೊದಲು ಸುತ್ತಿದ್ದೆಲ್ಲ ಬಿಚ್ಚಿ. ಬೆಂಗಳೂರಿನ ಚಳಿಗೆ ಹೆದರಿ ಮಕ್ಕಳನ್ನು ನಾವು ಬೇಕಾದ್ದಕ್ಕಿಂತ ಜಾಸ್ತಿ ಮುಚ್ಚುತ್ತೇವೆ. ಬೆಚ್ಚಗಾದಷ್ಟೂ ಮಗು ಮಲಗುತ್ತದೆ. ಬರೀ ಡೈಪರ್‌ನಲ್ಲಿ ನಿಮ್ಮ ಬರಿ ಎದೆಯ ಮೇಲೆ ಮಲಗಿಸಿಕೊಂಡು, ಇಬ್ಬರಿಗೂ ಸೇರಿ ಮೇಲೊಂದು ಶಾಲು ಹೊದ್ದುಕೊಳ್ಳಿ. ನಿಮ್ಮ ಮೈಯ ಬಿಸಿಯೇ ಸಾಕು, ಚಳಿ ಆಗುವುದಿಲ್ಲ. ಹೀಗೆ ಅರ್ಧ ಗಂಟೆ ಇದ್ದರೆ ಎಷ್ಟೋ ಮಕ್ಕಳು ತಾವಾಗಿಯೇ ತಲೆ ಆಡಿಸಿ ಎದೆ ಹುಡುಕುತ್ತವೆ. ಹಾಲು ಇಳಿಸುವ ಹಾರ್ಮೋನಿಗೂ ಇದೇ ಮದ್ದು. ನೀವು ಮಾತ್ರ ಹೀಗಿರುವಾಗ ನಿದ್ದೆ ಹೋಗಬೇಡಿ. ನಿಮಗೆ ಕಣ್ಣು ಎಳೆಯುತ್ತಿದ್ದರೆ ನಿಮ್ಮ ಯಜಮಾನರ ಎದೆಯ ಮೇಲೆ ಮಲಗಿಸಿ. ಅವರಲ್ಲಿ ಹಾಲಿಲ್ಲದಿದ್ದರೂ ಎಬ್ಬಿಸುವ ಕೆಲಸ ಆಗುತ್ತದೆ. ಆಮೇಲೆ ಡೈಪರ್ ಬದಲಿಸಿ. ಬೆನ್ನುಮೂಳೆಯ ಉದ್ದಕ್ಕೂ ಬೆರಳಾಡಿಸಿ. ಅಂಗಾಲು ತಿಕ್ಕಿ. ದೊಡ್ಡ ಟ್ಯೂಬ್‌ಲೈಟ್ ಆರಿಸಿ, ಕಣ್ಣಿಗೆ ಚುಚ್ಚಿದರೆ ಮಗು ಕಣ್ಣು ಬಿಡುವುದೇ ಇಲ್ಲ. ಮುಖಕ್ಕೆ ತಣ್ಣೀರು ಚಿಮುಕಿಸುವುದು, ಕಿವಿ ಹಿಂಡುವುದು ದಯವಿಟ್ಟು ಬೇಡ.

ಎದ್ದ ಮಗು ಎರಡು ನಿಮಿಷದಲ್ಲಿ ಮತ್ತೆ ಮಲಗುವುದು ಇನ್ನೊಂದು ತಲೆನೋವು, ಅಲ್ವಾ? ಇದಕ್ಕೆ ಅರ್ಧ ಉತ್ತರ ಹಿಡಿತದಲ್ಲಿದೆ. ಬರೀ ತೊಟ್ಟು ಬಾಯಲ್ಲಿದ್ದರೆ ಹಾಲು ಬರುವುದಿಲ್ಲ, ಹಾಲು ಬಾರದಿದ್ದರೆ ಮಗು ಮಲಗುತ್ತದೆ. ಸಿಸೇರಿಯನ್ ಆದವರಿಗೆ, ಸಣ್ಣ ಮಗುವಿಗೆ, ಕಂಕುಳಡಿ ಹಿಡಿತ ಚೆನ್ನಾಗಿ ಒಗ್ಗುತ್ತದೆ. ಪಕ್ಕದಲ್ಲಿ ದಿಂಬಿಟ್ಟು, ಮಗುವಿನ ಕಾಲು ನಿಮ್ಮ ಬೆನ್ನಿನ ಕಡೆ ಹೋಗುವ ಹಾಗೆ ಕಂಕುಳಲ್ಲಿ ಇಟ್ಟುಕೊಳ್ಳಿ. ಹೊಲಿಗೆಯ ಮೇಲೆ ಭಾರ ಬೀಳುವುದಿಲ್ಲ, ಮಗುವಿನ ಮುಖವೂ ಕಾಣುತ್ತದೆ. ಕತ್ತಿನ ಬುಡದಲ್ಲಿ ಹಿಡಿಯಿರಿ, ತಲೆ ಒತ್ತಬೇಡಿ. ತೊಟ್ಟು ಮಗುವಿನ ಮೂಗಿನ ನೇರಕ್ಕೆ ಇರಲಿ, ಮೇಲಿನ ತುಟಿಗೆ ಸವರಿ. ಆಕಳಿಸುವ ಹಾಗೆ ಬಾಯಿ ತೆರೆದಾಗ ಮಗುವನ್ನು ಎದೆಗೆ ತನ್ನಿ, ಎದೆಯನ್ನು ಮಗುವಿನ ಬಾಯಿಗೆ ತುರುಕಬೇಡಿ. ಗದ್ದ ಎದೆಗೆ ಒತ್ತಿರಬೇಕು, ಕೆಳತುಟಿ ಹೊರಗೆ ಮಡಚಿರಬೇಕು. ತೊಟ್ಟಿನ ಸುತ್ತಲಿನ ಕಪ್ಪು ಭಾಗ ಕೆಳಗಿಗಿಂತ ಮೇಲೆ ಜಾಸ್ತಿ ಕಾಣಬೇಕು. ಮೊದಲ ಕ್ಷಣ ಬಿಟ್ಟು ಆಮೇಲೂ ನೋವಿದ್ದರೆ, ಅಥವಾ ಬಾಯಿಂದ ಹೊರಬಂದ ತೊಟ್ಟು ಚಪ್ಪಟೆಯಾಗಿದ್ದರೆ ಹಿಡಿತ ಸರಿಯಿಲ್ಲ. ಕಿರುಬೆರಳು ಬಾಯಿಯ ಅಂಚಿಗೆ ಹಾಕಿ ಬಿಡಿಸಿ, ಮತ್ತೆ ಹಿಡಿಸಿ.

ಇನ್ನರ್ಧ ಉತ್ತರ ನಿಮ್ಮ ಕೈಯಲ್ಲಿದೆ. ಗಡಿಯಾರ ನೋಡಬೇಡಿ, ಗುಟುಕು ಕೇಳಿಸಿಕೊಳ್ಳಿ. ಹಾಲು ಬರುವಾಗ ಗದ್ದ ಕೆಳಗಿಳಿದು ಒಂದು ಚಣ ನಿಂತು, ‘ಕ’ ಅನ್ನುವ ಹಾಗೆ ಮೆಲ್ಲನೆ ಸದ್ದಾಗುತ್ತದೆ. ಮಂಪರು ಬಂದಾಗ ಗದ್ದ ಬರೀ ಪಟಪಟ ನಡುಗುತ್ತದೆ, ನುಂಗುವುದಿಲ್ಲ. ಹೀಗೆ ಮುಕ್ಕಾಲು ಗಂಟೆ ಎದೆಯಲ್ಲಿ ನೇತಾಡಿದರೂ ಹೊಟ್ಟೆಗೆ ಹೋಗಿದ್ದು ಏನೂ ಇಲ್ಲ. ಗುಟುಕು ನಿಂತ ಕೂಡಲೇ ಎದೆಯನ್ನು ತೊಟ್ಟಿನಿಂದ ದೂರ, ಪಕ್ಕೆಯ ಹತ್ತಿರ, ಒಂದು ಕಡೆ ಹೆಬ್ಬೆರಳು, ಇನ್ನೊಂದು ಕಡೆ ಉಳಿದ ಬೆರಳಿಟ್ಟು ಮೆಲ್ಲಗೆ ಹಿಂಡಿ ಹಾಗೇ ಹಿಡಿದುಕೊಳ್ಳಿ. ಬಾಯಿಗೆ ಹಾಲು ಬಂತಾ, ಮಗು ತಾನಾಗಿ ನುಂಗುತ್ತದೆ. ನುಂಗುವುದು ನಿಂತರೆ ಕೈ ಸಡಿಲಿಸಿ. ಕೈ ಸ್ವಲ್ಪ ಸರಿಸಿ ಮತ್ತೆ ಹಿಂಡಿ. ಇದಕ್ಕೂ ಜಗ್ಗದಿದ್ದರೆ ತೆಗೆದು, ತೇಗಿಸಿ, ಇನ್ನೊಂದು ಎದೆಗೆ ಹಾಕಿ. ಅಲ್ಲಿ ಮಲಗಿದರೆ ಮತ್ತೆ ಮೊದಲನೆಯದಕ್ಕೆ. ಒಂದು ಹಾಲಿನಲ್ಲಿ ಎರಡೂ ಎದೆ ಎರಡೆರಡು ಸಲ ಆದರೂ ತಪ್ಪಿಲ್ಲ. ‘ಒಂದು ಕಡೆಯೇ ಪೂರ್ತಿ ಖಾಲಿ ಮಾಡಿಸಿ’ ಅನ್ನುವ ಬುದ್ಧಿಮಾತು ಚುರುಕಾಗಿ ಕುಡಿಯುವ ಮಕ್ಕಳಿಗೆ.

ಇಷ್ಟಕ್ಕೆಲ್ಲ ಸೇರಿ ಅರ್ಧ ಗಂಟೆ, ಹೆಚ್ಚೆಂದರೆ ನಲವತ್ತು ನಿಮಿಷ. ಅದಕ್ಕಿಂತ ಎಳೆದರೆ ಕುಡಿದ ಹಾಲಿನ ಶಕ್ತಿ ಚೀಪುವುದರಲ್ಲೇ ಖರ್ಚಾಗುತ್ತದೆ. ಆಮೇಲೆ ಹಿಂಡಿಟ್ಟ ಹಾಲು ಕುಡಿಸಬೇಕು. ಅದಕ್ಕೆ ಬಾಟಲ್ ಬೇಡ, ಅಜ್ಜಿಯ ಕಾಲದ ಒಳಲೆ (ಮೂತಿ ಇರುವ ಪುಟ್ಟ ಬಟ್ಟಲು) ಮನೆಯಲ್ಲಿದ್ದರೆ ಹೊರಗೆ ತೆಗೆಯಿರಿ. ಸ್ಟೀಲಿನದೂ ಸಿಗುತ್ತದೆ. ಮೂತಿಯ ಒಳಗೆ ಸಣ್ಣ ಬ್ರಷ್ ಹಾಕಿ ತೊಳೆದು, ಪ್ರತಿ ಸಲವೂ ಹತ್ತು ನಿಮಿಷ ಕುದಿಸಿ. ಮಗುವನ್ನು ಕೂತ ಹಾಗೆ ನೆಟ್ಟಗೆ ಹಿಡಿದು, ಎಚ್ಚರ ಇರುವಾಗ ಮಾತ್ರ, ಮೂತಿಯನ್ನು ಕೆಳತುಟಿಗೆ ತಾಗಿಸಿ ಒಂದೊಂದೇ ಗುಟುಕು ಕೊಡಿ. ಗಂಟಲಿಗೆ ಸುರಿಯಬೇಡಿ, ಮಲಗಿದ ಮಗುವಿನ ಬಾಯಿಗಂತೂ ಹಾಕಲೇಬೇಡಿ, ಉಸಿರಿನ ದಾರಿಗೆ ಹೋಗುತ್ತದೆ.

ಎಷ್ಟು ಕುಡಿಸಬೇಕು ಅನ್ನುವುದನ್ನು ನಾಳೆ ಡಾಕ್ಟರ್ ಹೇಳುತ್ತಾರೆ. ನಿಮಗೊಂದು ಅಂದಾಜು ಇರಲಿ ಅಂತ ಹೇಳುತ್ತೇನೆ. ಮೊದಲ ವಾರ ಕಳೆದ ಮಗುವಿಗೆ ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ ಸುಮಾರು 150 ಎಂ.ಎಲ್. ಬೇಕು. ನಿಮ್ಮ ಮಗಳಿಗೆ ಹೆಚ್ಚೂಕಮ್ಮಿ 380. ಒಂಬತ್ತು ಸಲಕ್ಕೆ ಹಂಚಿದರೆ ಒಂದೊಂದು ಸಲ 40ರಿಂದ 45. ಈಗ ನೀವು ‘ಬರೀ 20’ ಅಂದ ಪಂಪಿನ ಹಾಲು ನೋಡಿ. ಅದು ಮಗು ಕುಡಿದಾದ ಮೇಲೆ ತೆಗೆದಿದ್ದಾದರೆ, ಒಂದು ಹೊತ್ತಿನ ಹಾಲಿನ ಅರ್ಧ ಎದೆಯಲ್ಲೇ ಉಳಿದಿತ್ತು ಅಂತ ಅರ್ಥ. ಕಮ್ಮಿ ಏನಲ್ಲ. ಪಂಪಿನಲ್ಲಿ ಬಂದದ್ದೇ ನಿಮ್ಮ ಹಾಲಿನ ಅಳತೆ ಅಂದುಕೊಳ್ಳಬೇಡಿ. ಚೆನ್ನಾಗಿ ಹಾಲಿರುವ ಎಷ್ಟೋ ತಾಯಂದಿರಿಗೆ ಯಂತ್ರಕ್ಕೆ ಹಾಲು ಇಳಿಯುವುದೇ ಇಲ್ಲ.

ಪ್ರತಿ ಸಲ ಕುಡಿಸಿದ ಮೇಲೆ ಎರಡೂ ಕಡೆ ಹತ್ತು ಹದಿನೈದು ನಿಮಿಷ ಪಂಪ್ ಮಾಡಿ. ಅದಕ್ಕೆ ಮುಂಚೆ ಬೆಚ್ಚಗಿನ ಬಟ್ಟೆ ಇಟ್ಟು ಎದೆಯನ್ನು ಸ್ವಲ್ಪ ನೀವಿಕೊಳ್ಳಿ. ಕೊನೆಯಲ್ಲಿ ಒಂದೆರಡು ನಿಮಿಷ ಕೈಯಲ್ಲೂ ಹಿಂಡಿ, ಕೈಗೆ ಬರುವ ಕೊನೆಯ ಹಾಲು ಯಂತ್ರಕ್ಕೆ ಬರುವುದಿಲ್ಲ. ಪಂಪಿನಲ್ಲಿ ಎದೆಗೆ ಇಡುವ ಬಟ್ಟಲಿನ ಅಳತೆ ಸರಿ ಇದೆಯಾ ನೋಡಿ. ತೊಟ್ಟು ಗೋಡೆಗೆ ಉಜ್ಜಿದರೂ ತಪ್ಪು, ಸುತ್ತಲಿನ ಕಪ್ಪು ಭಾಗವೆಲ್ಲ ಒಳಗೆ ಎಳೆದುಕೊಂಡರೂ ತಪ್ಪು. ದಿನದಲ್ಲಿ ಒಂದು ಸಲ, ಬಿಡುವಾದಾಗ, 20 ನಿಮಿಷ ಪಂಪ್, 10 ವಿರಾಮ, 10 ಪಂಪ್, 10 ವಿರಾಮ, 10 ಪಂಪ್ ಅಂತ ಒಂದು ಗಂಟೆ ಮಾಡಿದರೆ ಎದೆಗೆ ‘ಬೇಡಿಕೆ ಜಾಸ್ತಿಯಾಯಿತು’ ಅನ್ನುವ ಸುದ್ದಿ ಮುಟ್ಟುತ್ತದೆ. ಮೊದಲ ದಿನ ಬಟ್ಟಲು ಖಾಲಿಯೇ ಇರಬಹುದು. ಫಲ ಕಾಣಲು ಮೂರು ನಾಲ್ಕು ದಿನ ಬೇಕು. ತೆಗೆದ ಹಾಲು ಹೊರಗೆ ನಾಲ್ಕು ಗಂಟೆ, ಫ್ರಿಜ್‌ನ ಒಳಭಾಗದಲ್ಲಿ ಒಂದು ದಿನ ಇಡಬಹುದು. ಬಾಗಿಲಲ್ಲಿ ಇಡಬೇಡಿ. ಬಿಸಿ ನೀರಿನ ಬಟ್ಟಲಲ್ಲಿಟ್ಟು ಬೆಚ್ಚಗೆ ಮಾಡಿ, ಒಲೆಯ ಮೇಲೆ ಕಾಯಿಸಬೇಡಿ.

ಕುಡಿಸುವುದು, ಒಳಲೆ, ಪಂಪು, ತೊಳೆಯುವುದು. ಇಷ್ಟರಲ್ಲೇ ಒಂದೂಕಾಲು ಗಂಟೆ ಹೋಗುತ್ತದೆ, ಅಷ್ಟರಲ್ಲಿ ಮುಂದಿನ ಅಲಾರಾಂ. ಒಬ್ಬರ ಕೈಯಲ್ಲಿ ಆಗುವ ಕೆಲಸ ಅಲ್ಲ ಇದು. ಒಳಲೆಯಲ್ಲಿ ಕುಡಿಸುವುದು ಅಮ್ಮನ ಪಾಲಿಗೆ, ತೊಳೆದು ಕುದಿಸುವುದು ಅಪ್ಪನ ಪಾಲಿಗೆ ಅಂತ ಇವತ್ತೇ ಹಂಚಿ. ನಿಮ್ಮ ಪಾಲಿಗೆ ಎದೆ ಮತ್ತು ನಿದ್ದೆ ಎರಡೇ ಇರಲಿ.

ಪೌಡರ್ ವಿಷಯಕ್ಕೆ ಬರುತ್ತೇನೆ. ನಾನು ಅದರ ಶತ್ರು ಅಲ್ಲ. ನೀವು ಹಿಂಡಿದ ಹಾಲು ಸಾಲದೆ, ಡಾಕ್ಟರ್ ‘ಮೇಲುಹಾಲು ಕೊಡಿ’ ಅಂದರೆ ಅಳುಕದೆ ಕೊಡಿ. ಹಸಿದ ಮಗುವಿಗೆ ಎದೆ ಚೀಪುವ ತ್ರಾಣವೂ ಇರುವುದಿಲ್ಲ. ತೂಕ ಏರಿದ ಮಗು ಚುರುಕಾಗಿ, ಎದೆಯನ್ನೇ ಚೆನ್ನಾಗಿ ಹಿಡಿಯುತ್ತದೆ. ಆದರೆ ಯಾವಾಗಲೂ ಎದೆ ಮೊದಲು, ಪೌಡರ್ ಆಮೇಲೆ, ಹೇಳಿದಷ್ಟೇ. ಮತ್ತು ಪೌಡರ್ ಕೊಟ್ಟ ಹೊತ್ತಿನಲ್ಲೂ ಪಂಪ್ ತಪ್ಪಿಸಬಾರದು. ಅದನ್ನು ಬಿಟ್ಟರೆ ನಾಳೆಯ ಹಾಲು ಇನ್ನೂ ಕಮ್ಮಿ. ಡಬ್ಬದ ಮೇಲಿನ ಅಳತೆಗಿಂತ ನೀರು ಜಾಸ್ತಿ ಹಾಕಬೇಡಿ, ಹಸುವಿನ ಹಾಲಂತೂ ಬೇಡವೇ ಬೇಡ. ಅಂದ ಹಾಗೆ, 1992ರ ಕಾಯಿದೆಯ ಪ್ರಕಾರ ನಮ್ಮ ದೇಶದಲ್ಲಿ ಈ ಡಬ್ಬಗಳ ಜಾಹೀರಾತು ಮಾಡುವಂತಿಲ್ಲ, ತಾಯಂದಿರಿಗೆ ಸ್ಯಾಂಪಲ್ ಹಂಚುವಂತಿಲ್ಲ. ಯಾರಾದರೂ ಪುಕ್ಕಟೆ ಡಬ್ಬ ಕೈಗಿತ್ತರೆ ಯಾಕೆ ಅಂತ ಕೇಳಿ. ಎದೆಹಾಲಿನ ಬ್ಯಾಂಕ್ ಬಗ್ಗೆಯೂ ಕೆಲವರು ಕೇಳುತ್ತಾರೆ. ವಾಣಿ ವಿಲಾಸ ಆಸ್ಪತ್ರೆಯಲ್ಲಿ ಇದೆ. ಆದರೆ ಅಂಥ ಹಾಲು ಮೊದಲು ಹೋಗುವುದು ಐಸಿಯುನಲ್ಲಿರುವ ತಿಂಗಳು ತುಂಬದ ಮಕ್ಕಳಿಗೆ.

ಇನ್ನು ಊಟ. ಸಬ್ಬಸಿಗೆ ಸೊಪ್ಪು, ನುಗ್ಗೆ ಸೊಪ್ಪು, ಬೆಳ್ಳುಳ್ಳಿ, ಅಂಟಿನುಂಡೆ, ಬಾಣಂತಿ ಖಾರ ಇವೆಲ್ಲ ಒಳ್ಳೆಯ ಊಟ, ಬೇಕಾದಷ್ಟು ತಿನ್ನಿ. ಹಾಲು ಹೆಚ್ಚಿಸುತ್ತವೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಮೆಂತ್ಯ ಅಡುಗೆಯಲ್ಲಿ ಸರಿ, ಕ್ಯಾಪ್ಸೂಲ್ ರೂಪದಲ್ಲಿ ಬೇಡ. ಸಕ್ಕರೆ ಕಾಯಿಲೆ, ಥೈರಾಯ್ಡ್, ಆಸ್ತಮಾ ಇದ್ದವರಿಗೆ ತೊಂದರೆ ಮಾಡಬಹುದು. ಅಂಗಡಿಯಲ್ಲಿ ಸಿಗುವ ‘ಎದೆಹಾಲು ಹೆಚ್ಚಿಸುವ’ ಪುಡಿಗಳಿಗೆ ದುಡ್ಡು ಸುರಿಯುವ ಬದಲು ಆ ದುಡ್ಡಲ್ಲಿ ಒಳ್ಳೆಯ ಪಂಪ್ ಬಾಡಿಗೆಗೆ ತನ್ನಿ. ಡೊಂಪೆರಿಡೋನ್ ಮಾತ್ರೆಯನ್ನು ಮೆಡಿಕಲ್ ಶಾಪಿನವರು ಹೇಳಿದರು ಅಂತ ನುಂಗಬೇಡಿ. ಅದು ಹೃದಯದ ಬಡಿತದ ಮೇಲೆ ಪರಿಣಾಮ ಮಾಡಬಲ್ಲದು, ಡಾಕ್ಟರ್ ನೋಡಿಯೇ ಕೊಡಬೇಕು. ಬಾಣಂತಿಗೆ ನೀರು ಕೊಡಬಾರದು ಅನ್ನುವ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ ಅದನ್ನು ಬಿಡಿ. ಬಾಯಾರಿದಾಗೆಲ್ಲ ಕುಡಿಯಿರಿ. ಹಾಗಂತ ಬಾಯಾರದೆ ಲೀಟರ್‌ಗಟ್ಟಲೆ ಕುಡಿದರೂ ಹಾಲೇನೂ ಉಕ್ಕುವುದಿಲ್ಲ. ಬರೀ ಅನ್ನ, ಮೆಣಸಿನ ಸಾರಲ್ಲಿ ಬಾಣಂತನ ಮುಗಿಸಬೇಡಿ. ಬೇಳೆ, ಮೊಟ್ಟೆ, ಮೊಸರು, ತರಕಾರಿ, ಹಣ್ಣು ಎಲ್ಲ ಬೇಕು. ಐರನ್ ಮಾತ್ರೆ ಬಿಡಬೇಡಿ. ಬೆಳಗಿನ ಒಂದು ಲೋಟ ಫಿಲ್ಟರ್ ಕಾಫಿಯನ್ನು ಯಾರಾದರೂ ಕಿತ್ತುಕೊಂಡಿದ್ದರೆ ವಾಪಸ್ ಇಸಿದುಕೊಳ್ಳಿ, ಅದರಿಂದ ಏನೂ ಆಗುವುದಿಲ್ಲ.

ಒಂದು ವಾರ ಇಷ್ಟೆಲ್ಲ ಮಾಡಿಯೂ ಎದೆ ತುಂಬಿದ ಹಾಗೆ ಅನ್ನಿಸದಿದ್ದರೆ ನಿಮ್ಮನ್ನೂ ಪರೀಕ್ಷಿಸಬೇಕು. ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸಿ. ಹೆರಿಗೆಯಲ್ಲಿ ರಕ್ತ ತುಂಬ ಹೋಗಿತ್ತಾ, ಪಿಸಿಒಡಿ (ಅಂಡಾಶಯದ ಹಾರ್ಮೋನು ತೊಂದರೆ) ಇತ್ತಾ, ಬಸುರಿನಲ್ಲಿ ಸಕ್ಕರೆ ಬಂದಿತ್ತಾ ಅಂತ ಹೆರಿಗೆ ಡಾಕ್ಟರ್‌ಗೆ ನೆನಪಿಸಿ. ಕೆಲವೇ ಕೆಲವರಿಗೆ ನಿಜವಾಗಿಯೂ ಹಾಲು ಕಮ್ಮಿ ಇರುತ್ತದೆ. ಅವರಿಗೂ ಇರುವಷ್ಟು ಕುಡಿಸಿ, ಉಳಿದದ್ದು ತುಂಬಿಸುವ ದಾರಿ ಇದೆ.

ದಿನದಿಂದ ದಿನಕ್ಕೆ ನೀವು ನೋಡಬೇಕಾದ್ದು ಎದೆಯಲ್ಲ, ಲಂಗೋಟಿ. ಈ ವಯಸ್ಸಿಗೆ ದಿನಕ್ಕೆ 6 ಸಲಕ್ಕಿಂತ ಹೆಚ್ಚು ಚೆನ್ನಾಗಿ ಒದ್ದೆಯಾಗಬೇಕು, ಮೂರು ನಾಲ್ಕು ಸಲ ಸಾಸಿವೆ ಬಣ್ಣದ ತೆಳು ಕಕ್ಕ ಆಗಬೇಕು. ಡೈಪರ್ ಎಲ್ಲ ಹೀರಿಕೊಳ್ಳುವುದರಿಂದ ಲೆಕ್ಕ ಸಿಗುವುದಿಲ್ಲ, ಹಗಲು ಬಟ್ಟೆಯನ್ನೇ ಕಟ್ಟಿ. ಒಂದು ಚೀಟಿ ಗೋಡೆಗೆ ಅಂಟಿಸಿ ಹಾಲು, ಉಚ್ಚೆ, ಕಕ್ಕ ಬರೆಯಿರಿ. ನಿದ್ದೆಗೆಟ್ಟ ತಲೆಯಲ್ಲಿ ಯಾವುದೂ ನೆನಪಿರುವುದಿಲ್ಲ.

ನಾಳೆಯ ತನಕವೂ ಕಾಯದೆ ಈ ರಾತ್ರಿಯೇ ಆಸ್ಪತ್ರೆಗೆ ಓಡಬೇಕಾದ ಲಕ್ಷಣಗಳೂ ಇವೆ. ಏನು ಮಾಡಿದರೂ ಮಗು ಏಳದೆ ಜೋತು ಬಿದ್ದಿದ್ದರೆ, ಎರಡು ಹೊತ್ತಿನ ಹಾಲು ಸಾಲಾಗಿ ಕುಡಿಯದಿದ್ದರೆ, ಎಂಟು ಗಂಟೆ ಉಚ್ಚೆ ಆಗದಿದ್ದರೆ ಅಥವಾ ಇಟ್ಟಿಗೆ ಬಣ್ಣದ ಕಲೆ ಕಂಡರೆ, ಹಳದಿ ಅಂಗೈ ಅಂಗಾಲಿಗೆ ಬಂದಿದ್ದರೆ, ಮೈ ಸುಡುತ್ತಿದ್ದರೆ ಅಥವಾ ತಣ್ಣಗಾಗಿದ್ದರೆ, ಉಸಿರು ನಿಮಿಷಕ್ಕೆ 60 ದಾಟಿದರೆ ಯಾರ ಮಾತೂ ಕೇಳಬೇಡಿ, ಹೊರಡಿ. ಗಾಡಿ ಇಲ್ಲದಿದ್ದರೆ 108.

ನಾಮಕರಣ ಮುಂದೆ ಹಾಕಲು ಆಗುತ್ತದಾ ಅಂತ ಒಮ್ಮೆ ಕೇಳಿ ನೋಡಿ. ಆಗದಿದ್ದರೆ ಚಿಕ್ಕದಾಗಿ ಮಾಡಿ. ಅವತ್ತು ಮಗು ಕೈಯಿಂದ ಕೈಗೆ ಹೋಗುತ್ತದೆ, ಎಲ್ಲರ ಮಡಿಲಲ್ಲೂ ಸುಮ್ನೆ ಮಲಗಿರುತ್ತದೆ, ‘ಎಷ್ಟು ಒಳ್ಳೇ ಮಗು’ ಅನ್ನಿಸಿಕೊಳ್ಳುತ್ತದೆ. ಮೂರು ಹಾಲು ತಪ್ಪಿರುತ್ತದೆ. ಮುಹೂರ್ತಕ್ಕೆ ಅರ್ಧ ಗಂಟೆ ಮುಂಚೆ ಕುಡಿಸಿ. ತೊಟ್ಟಿಲಿಗೆ ಹಾಕಿ ಹೆಸರು ಕೂಗಿದ ಮೇಲೆ ಮಗುವನ್ನು ಎತ್ತಿಕೊಂಡು ರೂಮಿಗೆ ಹೋಗಿ ಬಾಗಿಲು ಹಾಕಿ. ಬಂದವರನ್ನು ನೋಡಿಕೊಳ್ಳಲು ಮನೆಯವರಿದ್ದಾರೆ. ಉಂಗುರದಲ್ಲಿ ಅದ್ದಿ ಜೇನುತುಪ್ಪ ನೆಕ್ಕಿಸುವ ಶಾಸ್ತ್ರ ಇದ್ದರೆ ಮೊದಲೇ ಬೇಡ ಅಂದುಬಿಡಿ. ಒಂದು ವರ್ಷ ತುಂಬುವ ತನಕ ಜೇನು ಕೊಡಬಾರದು, ಬೊಟ್ಯುಲಿಸಂ ಅನ್ನುವ ಕಾಯಿಲೆ ಬರಬಹುದು. ಬೇಕಾದರೆ ಉಂಗುರಕ್ಕೆ ನಿಮ್ಮ ಹಾಲನ್ನೇ ಹಚ್ಚಿ.

ನೀವು ಹೇಳಿಲ್ಲ, ಆದರೂ ಕೇಳುತ್ತೇನೆ. ಎರಡು ಮನೆಯವರೂ ಎರಡು ಮಾತಾಡುವಾಗ ನಿಮಗೆ ಹೇಗನ್ನಿಸುತ್ತಿದೆ? ಮೊದಲ ಎರಡು ವಾರ ಸುಮ್ಮಸುಮ್ಮನೆ ಅಳು ಬರುವುದು ಸಹಜ. ಅದು ಎರಡು ವಾರ ದಾಟಿದರೆ, ಮಗು ಮಲಗಿದರೂ ನಿಮಗೆ ನಿದ್ದೆ ಬಾರದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಸಹಾಯವಾಣಿ ಅದು, ಕನ್ನಡದಲ್ಲೇ ಮಾತಾಡುತ್ತಾರೆ. ಮಗುವಿಗೆ ಅಥವಾ ನಿಮಗೆ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ ಮಾತ್ರ ಎರಡು ವಾರ ಅಂತ ಕಾಯಬೇಡಿ, ತಕ್ಷಣ ಮನೆಯವರಿಗೆ ಹೇಳಿ. ನಿಮ್ಹಾನ್ಸ್‌ನಲ್ಲಿ ತಾಯಿ, ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವ ವಾರ್ಡೇ ಇದೆ.

ಅಲಾರಾಂ ಎಷ್ಟು ದಿನ ಅಂತ ಮುಂದೆ ಕೇಳುತ್ತೀರಿ. ಮೊದಲ ವಾರ ಎರಡು ಮೂರು ದಿನಕ್ಕೊಮ್ಮೆ ತೂಕ ಹಾಕಿಸಿ. ಹತ್ತಿರದ ನಗರ ಆರೋಗ್ಯ ಕೇಂದ್ರದಲ್ಲೂ ಹಾಕಿಸಬಹುದು, ಆದರೆ ಯಾವಾಗಲೂ ಅದೇ ಯಂತ್ರ. 2.75 ದಾಟಿ, ಎರಡು ಸಲ ಸಾಲಾಗಿ ದಿನಕ್ಕೆ 25 ಗ್ರಾಂ ಲೆಕ್ಕದಲ್ಲಿ ಏರಿದರೆ ಮೊದಲು ಮೇಲುಹಾಲನ್ನು ಪ್ರತಿ ಸಲಕ್ಕೆ 5 ಎಂ.ಎಲ್. ಇಳಿಸಿ. ಮೂರು ದಿನ ಬಿಟ್ಟು ತೂಕ ನೋಡಿ. ಏರುತ್ತಿದ್ದರೆ ಇನ್ನೂ ಇಳಿಸಿ. ಅದು ಪೂರ್ತಿ ನಿಂತ ಮೇಲೆ ಪಂಪನ್ನು ಒಂದೊಂದು ಸಲ ಕಮ್ಮಿ ಮಾಡುತ್ತಾ ಬನ್ನಿ, ಒಂದೇ ದಿನ ಬಿಟ್ಟರೆ ಎದೆ ಕಲ್ಲಾಗುತ್ತದೆ. ರಾತ್ರಿಯ ಅಲಾರಾಂ ಅನ್ನು ಡಾಕ್ಟರ್ ಒಪ್ಪಿದ ಮೇಲೆ ನಾಲ್ಕು ಗಂಟೆಗೆ ಸರಿಸಿ. ಹಗಲಿನದನ್ನು ಮಗಳೇ ತೆಗೆಸುತ್ತಾಳೆ. 37 ವಾರಕ್ಕೆ ಹುಟ್ಟಿದ ಮಕ್ಕಳು ಸಾಮಾನ್ಯವಾಗಿ ಅವರಿಗೆ ಕೊಟ್ಟಿದ್ದ ಹೆರಿಗೆ ತಾರೀಕಿನ ಆಸುಪಾಸಿನಲ್ಲಿ ತಾವೇ ಹಸಿದು ಅಳಲು ಶುರು ಮಾಡುತ್ತಾರೆ. ಆಗ ಮನೆಯಲ್ಲಿ ಯಾರಿಗೂ ನಿದ್ದೆ ಇರುವುದಿಲ್ಲ, ಈಗಲೇ ಹೇಳಿಬಿಟ್ಟಿದ್ದೇನೆ.